ಅಪ್‌ಡೇಟ್: ಎಳ್ಳಿನ ಅಲರ್ಜಿ ಮತ್ತು ಮೆಡಿಟರೇನಿಯನ್ ಊಟ
ಎಳ್ಳಿನ ಅಲರ್ಜಿ ಇರುವ ತಂಗಿಯನ್ನು ಮೆಡಿಟರೇನಿಯನ್ ರೆಸ್ಟೋರೆಂಟ್‌ಗೆ ಕರೆದೊಯ್ದರೆ ಏನನ್ನು ಆರ್ಡರ್ ಮಾಡಬಹುದೆಂದು ಕಳೆದ ವಾರ ಕೇಳಿದ್ದೆ. ಊಟ ಮುಗಿಸಿ ಬಂದಿದ್ದೇವೆ, ಅವಳು ಆರಾಮವಾಗಿದ್ದಾಳೆ. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಮುಂಚಿತವಾಗಿ ಫೋನ್ ಮಾಡಿ, ಅಡುಗೆಯವರೊಂದಿಗೇ ನೇರವಾಗಿ ಮಾತನಾಡಿ ಎಂದವರ ಸಲಹೆಯೇ ಫಲಿಸಿತು, ಅವರಿಗೆ ಧನ್ಯವಾದಗಳು. ಕಾಬೂಲಿ ಕಡಲೆ ಅರೆದು ಮಾಡುವ ಹಮ್ಮಸ್ ಬಿಟ್ಟು ಬದನೆಕಾಯಿಯ ಬಾಬಾ ಗನೂಷ್ ತೆಗೆದುಕೊಳ್ಳಿ ಎಂಬ ಸಲಹೆ ಮಾತ್ರ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಸಾಮಾನ್ಯವಾಗಿ ಎರಡಕ್ಕೂ ತಾಹಿನಿಯನ್ನು, ಅಂದರೆ ನುಣ್ಣಗೆ ಅರೆದ ಎಳ್ಳನ್ನು, ಬೆರೆಸುತ್ತಾರೆ. ಅಚ್ಚರಿಯಾದದ್ದು ರೊಟ್ಟಿಯ ಮೇಲೆ ಉದುರಿಸುವ ಜಾತರ್ ಪುಡಿಯ ವಿಷಯದಲ್ಲಿ: ಒಣಗಿಸಿದ ಸೊಪ್ಪು, ಹುಳಿಯಾದ ಸುಮಾಕ್‌ಗಳ ಜೊತೆಗೆ ಅದರಲ್ಲಿಯೂ ಎಳ್ಳಿರುತ್ತದೆ, ಆದರೆ ಮೆನುವಿನಲ್ಲಿ ಅದರ ಸುಳಿವೇ ಇರಲಿಲ್ಲ. ಕೊನೆಗೆ ಪಾರ್ಸ್ಲಿ ಸೊಪ್ಪು ಮತ್ತು ಗೋಧಿ ನುಚ್ಚಿನ ತಬೂಲೆ, ಮೊಸರು-ಸೌತೆಕಾಯಿಯ ಜಾಜಿಕಿ, ಬೇರೆಯಾಗಿ ಸುಟ್ಟುಕೊಟ್ಟ ಕಬಾಬ್ ತರಿಸಿಕೊಂಡೆವು. ತಬೂಲೆಯ ನಿಂಬೆಹುಳಿ ಅವಳಿಗಿಂತ ನನಗೇ ಹೆಚ್ಚು ಹಿಡಿಸಿತು.