ಅಪ್‌ಡೇಟ್: ಏಜೆಂಟ್ ಈಗ ಸರಿಯಾದ ಸ್ಕ್ಯಾನ್ ಟೂಲನ್ನೇ ತೆಗೀತಾ ಉಂಟು

ಮೊನ್ನೆ ಕೇಳಿದ್ದೆ ಅಲ್ವಾ, ನಮ್ಮ ಮಂಗಳೂರು ಟೀಮಿನ ಎಐ ಏಜೆಂಟ್‌ಗೆ ಟ್ರಿವಿ (ವಲ್ನರಬಿಲಿಟಿ, ಅಂದ್ರೆ ಭದ್ರತಾ ದೋಷ, ಹುಡುಕುವ ಸ್ಕ್ಯಾನರ್) ಕೊಟ್ರೆ ಕಂಟೇನರ್ ಇಮೇಜ್ (ಆಪ್ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿಸಿ ಕಟ್ಟಿದ ಪ್ಯಾಕೇಜ್) ಸ್ಕ್ಯಾನ್ ಮಾಡುವ ಬದ್ಲು ಸೋರ್ಸ್ ಫೋಲ್ಡರ್ ಸ್ಕ್ಯಾನ್ ಮಾಡಿ ಎಲ್ಲ ಸರಿ ಉಂಟು ಹೇಳ್ತದೆ, ಎಂತ ಮಾಡುದು ಅಂತ. ಸರಿಯಾಯ್ತು ಮಾರಾಯ್ರೆ, ಉತ್ತರ ಕೊಟ್ಟವರಿಗೆಲ್ಲ ಭಾರಿ ಥ್ಯಾಂಕ್ಸ್.

ಮಾಡೆಲ್ ಬದಲಿಸ್ಲಿಲ್ಲ, ಟೂಲ್ ಡಿಸ್ಕ್ರಿಪ್ಷನ್ (ಟೂಲ್ ಎಂತ ಮಾಡ್ತದೆ ಅಂತ ಏಜೆಂಟಿಗೆ ಹೇಳುವ ವಿವರಣೆ) ಮಾತ್ರ. ಮೊದ್ಲು ಇಮೇಜ್ ಸ್ಕ್ಯಾನ್, ಫೋಲ್ಡರ್ ಸ್ಕ್ಯಾನ್ ಎರಡೂ ಟೂಲಿಗೆ "ವಲ್ನರಬಿಲಿಟಿ ಸ್ಕ್ಯಾನ್ ಮಾಡ್ತದೆ" ಅಂತ ಒಂದೇ ಸಾಲು ಇತ್ತು, ಏಜೆಂಟ್‌ಗೆ ಕಾಣುದು ಹೆಸರು, ಆ ಸಾಲು, ಪ್ಯಾರಾಮೀಟರ್ ಇಷ್ಟೇ, ಒಳಗಿನ ಕೋಡ್ ಕಾಣುದಿಲ್ಲ, ಮತ್ತೆ ಅದು ಹೇಗೆ ಆರಿಸ್ಬೇಕು ಹೇಳಿ. ಈಗ ಇಮೇಜ್ ಟೂಲಿಗೆ ಹೀಗುಂಟು (ಸಿವಿಇ ಅಂದ್ರೆ ನಂಬರ್ ಕೊಟ್ಟು ಪಟ್ಟಿ ಮಾಡಿದ ವಲ್ನರಬಿಲಿಟಿ): "ಬಿಲ್ಡ್ ಆದ ಕಂಟೇನರ್ ಇಮೇಜಿನ ಓಎಸ್ ಪ್ಯಾಕೇಜ್, ಲೈಬ್ರರಿಗಳಲ್ಲಿ ಗೊತ್ತಿರುವ ಸಿವಿಇ ಹುಡುಕ್ತದೆ. ಇನ್‌ಪುಟ್: ಟ್ಯಾಗ್ ಸಮೇತ ಇಮೇಜ್ ಹೆಸರು, ಫೋಲ್ಡರ್ ಪಾತ್ ಅಲ್ಲ. ಓಡ್ತಿರುವ ಕಂಟೇನರಿನ ವರ್ತನೆ ನೋಡುದಿಲ್ಲ." ಟೂಲ್ ಎಂತ ಮಾಡುದಿಲ್ಲ ಅಂತ ಬರ್ದದ್ದೇ ಜಾಸ್ತಿ ಉಪಕಾರ ಆದದ್ದು.

ಇನ್ನೊಂದು, ಟ್ರಿವಿ ಡಿಫಾಲ್ಟ್ ಆಗಿ ವಲ್ನರಬಿಲಿಟಿ ಸಿಕ್ಕಿದ್ರೂ ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿವಾಗ ಕೊಡುವ ನಂಬರ್) 0 ಕೊಡ್ತದೆ, ಏಜೆಂಟ್ ಅದನ್ನೇ ಪಾಸ್ ಅಂತ ತಿಳ್ಕೊಳ್ತಿತ್ತು. "0 ಅಂದ್ರೆ ಸ್ಕ್ಯಾನ್ ಮುಗಿದಿದೆ ಅಷ್ಟೆ, ಫಲಿತಾಂಶಕ್ಕೆ ಜೆಸನ್ ಓದು" ಅಂತ ಸೇರಿಸಿದ್ವಿ (ಜೆಸನ್ ಅಂದ್ರೆ ಫಲಿತಾಂಶ ಬರೆಯುವ ಒಂದು ಡೇಟಾ ರೂಪ). ಹಳೇ ಲಾಗ್4ಜೆ (ಜಾವಾದ ಲಾಗಿಂಗ್ ಲೈಬ್ರರಿ) ಇರುವ ಇಮೇಜ್ ಕೊಟ್ಟು ನೋಡಿದ್ರೆ ಸಿವಿಇ-2021-44228 ಕ್ರಿಟಿಕಲ್ ಅಂತ, ಫಿಕ್ಸ್ ಆದ ವರ್ಷನ್ ಸಮೇತ ಹೇಳಿತು, ಖುಷಿಯಾಯ್ತು!

ಇಗ್ನೋರ್-ಅನ್‌ಫಿಕ್ಸ್ಡ್ ಆಯ್ಕೆ ಮಾತ್ರ ಏಜೆಂಟ್ ಕೈಗೆ ಕೊಡ್ಲಿಲ್ಲ, ಹಾಕಿದ್ರೆ ಪ್ಯಾಚ್ ಇನ್ನೂ ಬಾರದ್ದೆಲ್ಲ ರಿಪೋರ್ಟಿಂದಲೇ ಹೋಗ್ತದೆ, ಆ ತೀರ್ಮಾನ ಟೀಮಿನವರೇ ಕೂತು ಮಾಡ್ಬೇಕು ಅಂತ ನನ್ನ ಅಭಿಪ್ರಾಯ.