ಸೊಂಟದಲ್ಲಿ ಭಾರದ ರಿವಾಲ್ವರ್ ಇಟ್ಕೊಂಡು ಇಡೀ ದಿನ ಓಡಾಡೋದು ಹೇಗೆ? ಬಲತೊಡೆ ಜೋಮು ಹಿಡೀತಿದೆ

ಕೆನಾಯ್ ಕನ್ನಡಿಗ:
ಎಲ್ರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಅಲಾಸ್ಕಾದ ಕೆನಾಯ್ ಪೆನಿನ್ಸುಲಾದಲ್ಲಿದೀನಿ. ಹಳ್ಳಗಳಲ್ಲಿ ಸಾಲ್ಮನ್ ಮೀನು ಎಷ್ಟು ಹತ್ತಿ ಬರ್ತಿವೆ ಅಂತ ಎಣಿಸೋದು ನನ್ನ ಕೆಲಸ, ಜುಲೈ ಆಗಸ್ಟಲ್ಲಿ ದಿನಕ್ಕೆ ಹತ್ತು ಗಂಟೆ ನೀರಲ್ಲಿ, ಆಳೆತ್ತರದ ಪೊದೇಲಿ ನಡೆಯೋದೇ ಆಗತ್ತೆ. ಮೀನು ಬಂದ ಕಡೆ ಕಂದು ಕರಡಿನೂ ಬರತ್ತಲ್ಲ, ಅದಕ್ಕೆ ಬೇರ್ ಸ್ಪ್ರೇ (ಕರಡಿ ಓಡ್ಸೋ ಖಾರದ ಸ್ಪ್ರೇ) ಜೊತೆ ರಿವಾಲ್ವರ್ ಕೂಡ ಇಟ್ಕೋತೀನಿ, ಸ್ಮಿತ್ ಅಂಡ್ ವೆಸನ್ 629, ನಾಲ್ಕಿಂಚು ಬ್ಯಾರೆಲ್, .44 ಮ್ಯಾಗ್ನಂ ಅನ್ನೋ ದೊಡ್ಡ ಗುಂಡಿಂದು. ಕಾಲಿ ಇದ್ದಾಗ್ಲೇ 1.2 ಕೆಜಿ ಹತ್ರ ಇದೆ, ಆರು ಗುಂಡು ತುಂಬಿದ್ರೆ 1.3 ದಾಟತ್ತೆ, ಅದನ್ನ ಸಿಕ್ಕಿಸೋ ಚೀಲ, ಹೋಲ್ಸ್ಟರ್, ಅದರ ಭಾರ ಬೇರೆ. ಹೋಲ್ಸ್ಟರ್ ಅಂಗಡೀಲಿ ಸಿಕ್ಕಿದ ನೈಲಾನ್‌ದು, ಬೆಲ್ಟು ಆಫೀಸಿಗೆ ಹಾಕ್ತಿದ್ದ ಮಾಮೂಲಿ ಬೆಲ್ಟು. ಬೆಳಿಗ್ಗೆ ಏನೂ ಅನ್ಸಲ್ಲ, ಮಧ್ಯಾಹ್ನದ ಹೊತ್ತಿಗೆ ಬಲಗಡೆ ಪ್ಯಾಂಟ್ ಜಗ್ಗಿ ಕೆಳಗೆ ಬರತ್ತೆ, ಬಿಗಿ ಮಾಡಿದ್ರೆ ಸೊಂಟದ ಮೂಳೆ ಮೇಲೆ ಒತ್ತಿ ಒತ್ತಿ ಕೆಂಪಾಗತ್ತೆ, ಸಂಜೆ ತೊಡೆಯ ಹೊರಗಡೆ ಭಾಗ ಪೂರ್ತಿ ಜೋಮು, ಮುಟ್ಟಿದ್ರೆ ಉರಿ. ಬೆನ್ನಿಗೆ ಎಂಟು ಕೆಜಿ ಬ್ಯಾಗೂ ಇರತ್ತೆ. ಮನೆಯವಳು ದಿನಾ ರಾತ್ರಿ ಎಣ್ಣೆ ಹಚ್ಚಿ ತಿಕ್ತಾಳೆ, ಬೆಳಿಗ್ಗೆ ಎದ್ರೆ ಮತ್ತೆ ಅದೇ ಕಥೆ. ದಯವಿಟ್ಟು ಅನುಭವ ಇರೋರು ಹೇಳಿ.

ಮೊಂಟಾನಾ ಮಂಜಣ್ಣ:
ಗುರು, ತಪ್ಪು ರಿವಾಲ್ವರಿಂದಲ್ಲ, ಬೆಲ್ಟಿಂದು. ಅಂಗಡೀಲಿ ಸಿಗೋ ಮಾಮೂಲಿ ಬೆಲ್ಟು ಪ್ಯಾಂಟ್ ಬೀಳದೇ ಇರ್ಲಿ ಅಂತ ಮಾಡಿರ್ತಾರೆ, ಭಾರ ಹೊರೋಕಲ್ಲ. ಭಾರ ಬಿದ್ದ ಜಾಗದಲ್ಲಿ ಅದು ಮಡಚ್ಕೊಂಡು ತಿರುಚ್ಕೊಳತ್ತೆ, ಹೋಲ್ಸ್ಟರ್ ಹೊರಗಡೆ ವಾಲತ್ತೆ, ಆಗ ಇಡೀ 1.3 ಕೆಜಿ ನಾಲ್ಕು ಬೆರಳಗಲದ ಜಾಗದಲ್ಲಿ ನೇತಾಡತ್ತೆ. ಗನ್ ಬೆಲ್ಟ್ ಅಂತಾನೇ ಬರತ್ತೆ, ಒಂದೂವರೆ ಇಂಚು ಅಗಲ, ಎರಡು ಪದರ ಚರ್ಮ ಸೇರಿಸಿ ಹೊಲಿದಿರೋದು, ಕೆಲವದ್ರಲ್ಲಿ ಒಳಗೆ ತೆಳು ಸ್ಟೀಲ್ ಪಟ್ಟಿನೂ ಇರತ್ತೆ. ಕೈಯಲ್ಲಿ ಹಿಡಿದು ತಿರುಚಿ ನೋಡು, ಸುಲಭಕ್ಕೆ ತಿರುಚ್ಕೊಂಡ್ರೆ ವಾಪಸ್ ಇಡು. ಅಂಥ ಬೆಲ್ಟ್ ಹಾಕಿದ್ರೆ ಭಾರ ಸೊಂಟದ ಸುತ್ತ ಹಂಚಿಹೋಗತ್ತೆ, ಬಿಗಿಯಾಗಿ ಎಳ್ದು ಕಟ್ಟೋದೂ ಬೇಕಾಗಲ್ಲ. ಹೋಲ್ಸ್ಟರಿನ ಬೆಲ್ಟ್ ತೂತುಗಳು ದೂರ ದೂರ ಇರ್ಬೇಕು, ಒಂದೇ ಕುಣಿಕೆ ಇರೋದು ಬೇಡ. ಆಮೇಲೆ ಜಾಗ. ಸರಿಯಾಗಿ ಪಕ್ಕದ ಮೂಳೆ ಮೇಲೆ ಇಟ್ಕೋಬೇಡ, ಎರಡಿಂಚು ಹಿಂದಕ್ಕೆ ತಳ್ಳು, ಅಲ್ಲಿ ಮಾಂಸ ಇರತ್ತೆ. ಬಲ ಹಿಂದಿನ ಜೇಬಲ್ಲಿ ಪರ್ಸ್ ಇದ್ರೆ ಇವತ್ತೇ ತೆಗಿ. ಎಡಗಡೆಗೆ ಸ್ಪ್ರೇ, ನೀರಿನ ಬಾಟ್ಲಿ ಹಾಕಿ ತೂಕ ಸಮ ಮಾಡು. ನಾನು ಸಾವಿರದ ನೂರು ಗ್ರಾಮಿನ 1911 ಪಿಸ್ತೂಲನ್ನ ಆರು ವರ್ಷದಿಂದ ಹೀಗೇ ಇಟ್ಕೊಂಡಿದೀನಿ, ಕಾರಲ್ಲಿ ಕೂತಾಗ ಬಿಟ್ರೆ ಇದೆ ಅಂತಾನೇ ಗೊತ್ತಾಗಲ್ಲ.

ಹುಬ್ಬಳ್ಳಿ ಖಾಕಿ:
ತಮ್ಮಾ, ನಾ ರಿಟೈರ್ಡ್ ಪಿಎಸ್ಐ. ನಿಮ್ಮ ಕರಡಿ ಬಗ್ಗೆ ನಂಗ ಗೊತ್ತಿಲ್ಲ ಖರೆ, ಆದ್ರ ಸೊಂಟಕ್ಕ ಪಿಸ್ತೂಲ ಕಟ್ಕೊಂಡು ಗಣಪತಿ ಬಂದೋಬಸ್ತಿನ್ಯಾಗ ಹದಿನಾಲ್ಕು ತಾಸು ನಿಂತಿದ್ದು ಚಲೋ ಗೊತ್ತೈತಿ. ನಿನಗಾದ ಜೋಮು ನನಗೂ ಆಗಿತ್ತು, ನಾ ಅದನ್ನ ವಾಯು ಅಂತ ಬಿಟ್ಟು ಎರಡು ವರ್ಷ ಅನುಭವಿಸಿದೆ, ನೀ ಹಂಗ ಮಾಡಬ್ಯಾಡ. ಡಾಕ್ಟರು ಆಮ್ಯಾಲ ಹೇಳಿದ್ರು, ತೊಡಿ ಹೊರಮಗ್ಗಲಿನ ಚರ್ಮಕ್ಕ ಹೋಗೋ ನರ ಸೊಂಟದ ಮುಂದಿನ ಮೂಳಿ ಬಾಜೂಕ ಹಾದು ಹೋಗ್ತದ, ಬಿಗಿ ಬೆಲ್ಟು ಅದನ್ನ ಅಮುಕಿದ್ರ ಜೋಮು, ಉರಿ ಎಲ್ಲಾ ಬರ್ತಾವು, ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಅಂತ ಅದರ ಹೆಸರು. ಎಣ್ಣಿ ಹಚ್ಚಿದ್ರ ಹೋಗೂದಲ್ಲ, ಒತ್ತು ತೆಗೀಬೇಕು. ನಂದು ಬೆಲ್ಟು ಸಡಿಲ ಮಾಡಿ ಪಿಸ್ತೂಲ ಹಿಂದಕ್ಕ ಸರಿಸಿದ ಮ್ಯಾಲೆ ತಿಂಗಳೊಪ್ಪತ್ತಿನ್ಯಾಗ ಇಳೀತು. ನೀನು ಒಮ್ಮೆ ಡಾಕ್ಟರಿಗೆ ತೋರ್ಸು, ಜೋಮು ಬ್ಯಾರೆ ಕಾರಣಕ್ಕೂ ಬರ್ತದ, ಬೆನ್ನಿಂದಲೂ ಬರ್ತದ.
ಇನ್ನೊಂದು ಮಾತು. ನಮ್ಮ ಯೂನಿಫಾರ್ಮಿಗೆ ಬಲ ಹೆಗಲ ಮ್ಯಾಲಿಂದ ಎದಿಗೆ ಅಡ್ಡ ಬರೋ ಕ್ರಾಸ್ ಬೆಲ್ಟ್ ನೋಡಿರ್ತಿ, ಮಂದಿ ಅದನ್ನ ಬರೇ ಶೋಭಾಕ್ಕ ಅಂತ ತಿಳಕೊಂಡಾರ. ಸ್ಯಾಮ್ ಬ್ರೌನ್ ಅಂತ ಒಬ್ಬ ಬ್ರಿಟಿಷ್ ಫೌಜಿನ ಅಧಿಕಾರಿ 1858ರಾಗ ಇಲ್ಲೇ ಉತ್ತರ ಹಿಂದೂಸ್ತಾನದ ಲಡಾಯಿನ್ಯಾಗ ಎಡಗೈ ಕಳಕೊಂಡ. ಕತ್ತಿ ಎಳೀವಾಗ ಅದರ ಒರಿ ಹಿಡಿಲಿಕ್ಕೆ ಇನ್ನೊಂದು ಕೈ ಇಲ್ಲ, ಅದಕ್ಕ ಒರಿ ಅಲುಗ್ಯಾಡದಂಗ ಹೆಗಲಿಂದ ಪಟ್ಟಿ ಕೊಟ್ಟು ಸೊಂಟಪಟ್ಟಿ ಮಾಡಿಸ್ಕೊಂಡ, ಈಗೂ ಅದಕ್ಕ ಅವನ ಹೆಸರೇ ಐತಿ. ಭಾರ ಹೆಗಲಿಗೆ ಕೊಟ್ರ ಸೊಂಟ ಉಳೀತದ, ಇದು ಅವಾಗಿಂದ ಗೊತ್ತಿದ್ದ ಮಾತು. ನಿಂಗ ಕ್ರಾಸ್ ಬೆಲ್ಟ್ ಬ್ಯಾಡ, ಪ್ಯಾಂಟಿಗೆ ಒಂದು ಅಗಲ ಸಸ್ಪೆಂಡರ್, ಅಂದ್ರ ಹೆಗಲ ಮ್ಯಾಲಿಂದ ಪ್ಯಾಂಟ್ ಹಿಡಿಯೋ ಪಟ್ಟಿ, ಹಾಕು ಸಾಕು.

ಫೇರ್‌ಬ್ಯಾಂಕ್ಸ್ ಅಕ್ಕ:
ಮೇಲಿನ ಇಬ್ರೂ ಹೇಳಿದ್ದು ಸರಿ ಇದೆ, ಆದ್ರೆ ನಿಮ್ಮ ಕೆಲಸಕ್ಕೆ ಸೊಂಟ ಜಾಗಾನೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ನಾನು ಜಿಯಾಲಜಿಸ್ಟ್, ಹನ್ನೊಂದು ಬೇಸಿಗೆ ಫೀಲ್ಡಲ್ಲಿ ಕಳ್ದಿದೀನಿ. ಎಂಟು ಕೆಜಿ ಬ್ಯಾಗಿದೆ ಅಂದ್ರಲ್ಲ, ಆ ಬ್ಯಾಗಿನ ಸೊಂಟಪಟ್ಟಿ ಎಲ್ಲಿ ಕಟ್ತೀರ? ಅದೂ ಅದೇ ಮೂಳೆ ಮೇಲೆ ತಾನೆ. ಎರಡು ಒಂದರ ಮೇಲೊಂದು ಕೂತ್ರೆ ಒತ್ತದೇ ಏನಾಗತ್ತೆ, ಅದಕ್ಕಿಂತ ಮುಖ್ಯ ಅಂದ್ರೆ ಪಟ್ಟಿ ಅಡ್ಡ ಇದ್ದಾಗ ರಿವಾಲ್ವರ್ ಬೇಗ ಕೈಗೆ ಬರಲ್ಲ. ತೊಡೆಮಟ್ಟ ನೀರಿಗಿಳಿದ್ರೆ ಒದ್ದೆ ಆಗತ್ತೆ, ಎದೆವರೆಗಿನ ವೇಡರ್ಸ್ (ನೀರು ಒಳಗೆ ಬಿಡದ ಪ್ಯಾಂಟು) ಹಾಕಿದ್ರಂತೂ ಬೆಲ್ಟು ಎಲ್ಲಿ ಕಟ್ಟೋದು ಅನ್ನೋದೇ ಸಮಸ್ಯೆ.
ಚೆಸ್ಟ್ ಹೋಲ್ಸ್ಟರ್ ತಗೊಳ್ಳಿ. ಇಲ್ಲಿ ಗೈಡ್‌ಗಳು, ಮೀನು ಹಿಡಿಯೋರು ಬಹಳ ಜನ ಅದನ್ನೇ ಹಾಕೋದು. ಭಾರ ಹೆಗಲು ಬೆನ್ನಿಗೆ ಹೋಗತ್ತೆ, ರಿವಾಲ್ವರ್ ಎದೆ ಕೆಳಗೆ ಓರೆಯಾಗಿ ಕೂರತ್ತೆ, ಬ್ಯಾಗು ಹಾಕಿದ್ರೂ ತೆಗೆದ್ರೂ ಅದರ ಜಾಗ ಬದಲಾಗಲ್ಲ. ಚರ್ಮದ್ದು ಮೈಗೆ ಮೆತ್ತಗೆ, ಆದ್ರೆ ಮಳೇಲಿ ನೆನೆದ್ರೆ ಒಣಗೋಕೆ ಎರಡು ದಿನ, ಒದ್ದೆ ಚರ್ಮದೊಳಗೆ ಉಕ್ಕು ಬಿಟ್ರೆ ತುಕ್ಕು. ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿಂದು ಆದ್ರೆ ನೀರಿನ ಚಿಂತೆ ಇಲ್ಲ. ಪಟ್ಟಿ ಬಿಗಿ ಮಾಡುವಾಗ ಉಸಿರು ಪೂರ್ತಿ ಎಳ್ಕೊಂಡು ಅಳತೆ ಮಾಡಿ, ಇಲ್ದಿದ್ರೆ ಗುಡ್ಡ ಹತ್ತುವಾಗ ಕಷ್ಟ. ಹೊಸ ಜಾಗದಿಂದ ತೆಗೆಯೋದನ್ನ ಗುಂಡು ತೆಗೆದಿಟ್ಟು, ಎರಡು ಸಲ ನೋಡಿ ಖಾತ್ರಿ ಮಾಡ್ಕೊಂಡು ಮನೇಲಿ ಅಭ್ಯಾಸ ಮಾಡಿ, ಎಡಗೈ ಬ್ಯಾರೆಲ್ ಮುಂದೆ ಬರಬಾರ್ದು.
ಭಾರಾನೇ ಇಳಿಸ್ಬೇಕಂದ್ರೆ ಗ್ಲಾಕ್ 20 ಪಿಸ್ತೂಲು ನೋಡಿ, 10 ಎಂಎಂ ಗುಂಡಿಂದು, ಹದಿನೈದು ಗುಂಡು ತುಂಬಿದ್ರೂ 1.1 ಕೆಜಿ ಆಸುಪಾಸು. ಗ್ರೀನ್‌ಲ್ಯಾಂಡಲ್ಲಿ ಗಸ್ತು ತಿರುಗೋ ಡೆನ್ಮಾರ್ಕ್ ಸೇನೆಯ ಸಿರಿಯಸ್ ಪಡೆಯೋರು ಹಿಮಕರಡಿಗೆ ಅಂತ ಅದನ್ನೇ ಇಟ್ಕೋತಾರೆ. ಸ್ಪ್ರೇ ಮಾತ್ರ ಯಾವತ್ತೂ ಬ್ಯಾಗೊಳಗೆ ಹಾಕ್ಬೇಡಿ. 2008ರಲ್ಲಿ ಬಂದ ಅಲಾಸ್ಕಾದ ಅಧ್ಯಯನದಲ್ಲಿ ಕಂದು ಕರಡಿ ಮೇಲೆ ಸ್ಪ್ರೇ ಹೊಡೆದ ಪ್ರಸಂಗಗಳಲ್ಲಿ 92% ಸಲ ಕರಡಿ ತನ್ನ ಕಾಟ ನಿಲ್ಲಿಸಿತ್ತು. ನನಗೆ ಇಷ್ಟು ವರ್ಷದಲ್ಲಿ ಎರಡು ಸಲ ಬೇಕಾಗಿದೆ, ಎರಡೂ ಸಲ ಸ್ಪ್ರೇನೇ.

ಆಸ್ಟಿನ್ ಹುಡುಗ:
ಅಕ್ಕ, ತುಂಬಾ ಉಪಯೋಗ ಆಯ್ತು, ಮುಂದಿನ ತಿಂಗಳು ನಾವೂ ಫ್ರೆಂಡ್ಸ್ ಸೇರಿ ಅಲಾಸ್ಕಾ ಹೋಗ್ತಿದೀವಿ, ಅಲ್ಲಿ ಪರ್ಮಿಟ್ ಬೇಡ ಅಂತೆ, ನಾನು H-1B, ಒಂದು ತಗೊಂಡು ಹೋಗ್ಲಾ?

ಫೇರ್‌ಬ್ಯಾಂಕ್ಸ್ ಅಕ್ಕ:
ಬೇಡ ಪುಟ್ಟಾ. ಅಲಾಸ್ಕಾದಲ್ಲಿ 2003ರಿಂದ ಪರ್ಮಿಟ್ ಬೇಕಿಲ್ಲ ಅನ್ನೋದು ನಿಜ, ಆದ್ರೆ H-1B ಥರ ವೀಸಾದಲ್ಲಿ ಬಂದೋರು ಬಂದೂಕು, ಗುಂಡು ಯಾವುದನ್ನೂ ಇಟ್ಕೊಳ್ಳೋ ಹಾಗಿಲ್ಲ ಅಂತ ಫೆಡರಲ್ ಕಾನೂನು ಇದೆ. ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇರೋರಿಗೆ ಅಂತ ಕೆಲವು ವಿನಾಯಿತಿ ಇವೆ, ಅದನ್ನ ವಕೀಲರ ಹತ್ರ ಕೇಳದೆ ನಂಬ್ಕೊಂಡು ಹೋಗ್ಬೇಡ. ಗ್ರೀನ್ ಕಾರ್ಡ್ ಬಂದ್ಮೇಲೆ ಆ ಮಾತು ಬೇರೆ. ನೀವು ನಾಲ್ಕು ಜನ ಒಟ್ಟಿಗೆ ಗಟ್ಟಿಯಾಗಿ ಮಾತಾಡ್ತಾ ನಡೀರಿ, ತಲಾ ಒಂದು ಸ್ಪ್ರೇ ತಗೊಳ್ಳಿ. ವಿಮಾನದಲ್ಲಿ ಸ್ಪ್ರೇ ಬಿಡಲ್ಲ, ಇಲ್ಲಿಗೆ ಬಂದ್ಮೇಲೆ ಕೊಂಡ್ಕೊಳ್ಳಿ.

ಕೊಡಗಿನ ಕಾಫಿ:
ನಮ್ಮಲ್ಲಿ ಹಬ್ಬ, ಮದುವೆಗಳಲ್ಲಿ ಒಡಿಕತ್ತಿನ (ಕೊಡವರ ಅಗಲ ಕತ್ತಿ) ಬೆನ್ನ ಹಿಂದೆ ತೊಡಂಗ್ ಅನ್ನೋ ಲೋಹದ ಕೊಕ್ಕೆಗೆ ಸಿಕ್ಕಿಸ್ತೇವೆ. ಭಾರದ ಕತ್ತಿ, ಆದ್ರೆ ಮಧ್ಯ ಇರೋದ್ರಿಂದ ಒಂದು ಕಡೆಗೆ ಎಳೆಯೋದಿಲ್ಲ. ರಿವಾಲ್ವರನ್ನೂ ಹಾಗೆ ಬೆನ್ನ ಹಿಂದೆ ಇಡಬಹುದಲ್ವಾ?

ಮೊಂಟಾನಾ ಮಂಜಣ್ಣ:
ದಯವಿಟ್ಟು ಬೇಡ. ಹಳ್ಳದ ಪಾಚಿಗಲ್ಲಲ್ಲಿ ಜಾರಿ ಅಂಗಾತ ಬಿದ್ರೆ ಅಷ್ಟು ಉಕ್ಕು ಬೆನ್ನುಮೂಳೆಗೇ ಹೊಡಿಯತ್ತೆ. ಬ್ಯಾಗ್ ಇದ್ದಾಗ ಕೈನೂ ಹೋಗಲ್ಲ.

ಕೆನಾಯ್ ಕನ್ನಡಿಗ:
ಮೂರು ವಾರ ಆಯ್ತು, ಎಲ್ರಿಗೂ ಹೇಗಾಯ್ತು ಅಂತ ತಿಳಿಸ್ಬೇಕಿತ್ತು. ಡಾಕ್ಟರು ನೋಡಿ ಹುಬ್ಬಳ್ಳಿ ಸಾಹೇಬ್ರು ಹೇಳಿದ ನರದ್ದೇ ಅಂದ್ರು, ಬೆನ್ನಿಂದಲ್ಲ ಅಂತ ಕೇಳಿ ಮನೆಯವಳಿಗೂ ಸಮಾಧಾನ ಆಯ್ತು. ಹಳ್ಳದ ದಿನ ಕೈಡೆಕ್ಸ್ ಚೆಸ್ಟ್ ಹೋಲ್ಸ್ಟರ್ ಹಾಕ್ತಿದೀನಿ, ಮೊದಲ ಎರಡು ದಿನ ಕತ್ತಿನ ಹತ್ರ ಪಟ್ಟಿ ಉಜ್ತಿತ್ತು, ಕಾಲರ್ ಇರೋ ಶರ್ಟ್ ಹಾಕಿದ್ಮೇಲೆ ಸರಿ ಹೋಯ್ತು. ದಡದಲ್ಲಿ ಬ್ಯಾಗಿಲ್ಲದೆ ಕೆಲಸ ಇದ್ದಾಗ ಗನ್ ಬೆಲ್ಟು, ಸಸ್ಪೆಂಡರ್, ರಿವಾಲ್ವರ್ ಸ್ವಲ್ಪ ಹಿಂದಕ್ಕೆ. ಜೋಮು ಮುಕ್ಕಾಲು ಭಾಗ ಹೋಗಿದೆ, ಈಗ ಮಂಡಿ ಮೇಲೆ ಒಂದು ಅಂಗೈಯಗಲ ಜಾಗದಲ್ಲಿ ಮಾತ್ರ ಉಳಿದಿದೆ. ಟ್ರಕ್ಕಲ್ಲಿ ಸೀಟ್ ಬೆಲ್ಟ್ ಚೆಸ್ಟ್ ಹೋಲ್ಸ್ಟರ್ ಮೇಲೇ ಬರತ್ತೆ, ಅದಕ್ಕೆ ಏನು ಮಾಡ್ತೀರ ಅಕ್ಕ?

ಫೇರ್‌ಬ್ಯಾಂಕ್ಸ್ ಅಕ್ಕ:
ನಾನು ಬಿಚ್ಚಿ ಲಾಕ್ ಬಾಕ್ಸಲ್ಲಿ ಇಡ್ತೀನಿ, ಇಳಿಯೋ ಮೊದಲು ಹಾಕ್ಕೋತೀನಿ. ಒಂದು ನಿಮಿಷದ ಕೆಲಸ. ಅಪಘಾತ ಆದ್ರೆ ಎದೆಗೂ ಸೀಟ್ ಬೆಲ್ಟಿಗೂ ನಡುವೆ ಅದು ಇರಬಾರ್ದು.