ಸಹಾಯ ಬೇಕು: ಬೆಟ್ಟಿಹಿಲ್ ಕಡೆ ಹೋಗುವವರು ಯಾರಾದರೂ ಇದ್ದೀರಾ?

ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ಒಂದು ವಿನಂತಿ. ನನ್ನ ಗಂಡನ ಮನೆಯವರು ಕೆನಡಾದ ನೋವಾ ಸ್ಕೋಷಿಯಾದವರು, ಮೆಕೇ ಮನೆತನ. ಮೂಲ ಉತ್ತರ ಸ್ಕಾಟ್ಲೆಂಡಿನ ಸದರ್ಲೆಂಡ್ ಸೀಮೆಯ ಸ್ಟ್ರಾತ್‌ನೇವರ್ ಅಂತ ಮನೆಯಲ್ಲಿ ಹೇಳುತ್ತಾರೆ. 1814 ಮತ್ತು 1819ರಲ್ಲಿ ಕುರಿ ಸಾಕಣೆಗೆ ಜಾಗ ಮಾಡಲು ಜಮೀನುದಾರರು ಅಲ್ಲಿನ ರೈತರನ್ನು ಒಕ್ಕಲೆಬ್ಬಿಸಿದರಲ್ಲ, ಅದೇ ಕಣಿವೆ. ನೋವಾ ಸ್ಕೋಷಿಯಾದ ಪಿಕ್ಟೌ ಬಳಿ ಇರುವ ಹಿರಿಯರ ಸಮಾಧಿ ಕಲ್ಲಿನಲ್ಲಿ ‘ಫಾರ್ ಪ್ಯಾರಿಷ್’ (ಫಾರ್ ಚರ್ಚಿನ ವ್ಯಾಪ್ತಿಯ ಊರುಗಳು; ಬೆಟ್ಟಿಹಿಲ್ ಇರುವುದೂ ಅಲ್ಲೇ) ಎಂಬಷ್ಟನ್ನು ಓದಬಹುದು. ಹಳ್ಳಿಯ ಹೆಸರಿರಬೇಕಾದ ಸಾಲು ಪಾಚಿ ಹತ್ತಿ ಸವೆದಿದೆ.

ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದೇ 1855ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ದಾಖಲೆಯೇ ಗತಿ. ಈ ಹಳೆಯ ದಾಖಲೆಗಳಿರುವ ಸ್ಕಾಟ್ಲೆಂಡ್ಸ್ ಪೀಪಲ್ ಜಾಲತಾಣದಲ್ಲಿ ಹುಡುಕಿದರೆ ಒಂದೇ ಹೆಸರಿನವರು ಸಾಲುಗಟ್ಟಿ ಬರುತ್ತಾರೆ. ಆ ಸೀಮೆಯಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಮೆಕೇಗೇ ತಾಗಬೇಕು!

ಬೆಟ್ಟಿಹಿಲ್‌ನ ಹಳೆಯ ಫಾರ್ ಚರ್ಚೇ ಈಗ ಸ್ಟ್ರಾತ್‌ನೇವರ್ ಮ್ಯೂಸಿಯಂ. ಉತ್ತರ ಕರಾವಳಿಯ ಪ್ರವಾಸಿ ರಸ್ತೆಯಾದ ನಾರ್ತ್ ಕೋಸ್ಟ್ 500 ಸುತ್ತುವವರು ಹೇಗೂ ಆ ದಾರಿಯಲ್ಲೇ ಹೋಗುತ್ತೀರಿ. ಅಲ್ಲಿನ ಅಂಗಳದಲ್ಲಿ ಮೆಕೇ ಹೆಸರಿನ ಹಳೆಯ ಕಲ್ಲುಗಳು ಕಂಡರೆ ಫೋಟೋ ತೆಗೆದು ಕಳಿಸುತ್ತೀರಾ? ಓರೆ ಬಿಸಿಲಿದ್ದರೆ ಒಳ್ಳೆಯದು, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಲ್ಲನ್ನು ಮಾತ್ರ ಉಜ್ಜಬೇಡಿ. ಹಳೆಯ ಜಮೀನು ಬಾಡಿಗೆ ಪಟ್ಟಿಗಳನ್ನು ನೋಡಿ ಅಭ್ಯಾಸವಿರುವವರು ಇದ್ದರೂ ದಯವಿಟ್ಟು ಮೆಸೇಜ್ ಮಾಡಿ.